ಒಲೆ ನಮ್ಮದು, ಕೈ ಕಲಿಸುವವರಾರು?

ಕಳೆದ ವಾರ ನಾವು ಬಬಲೇಶ್ವರ ತಾಲೂಕಿನ ನಿಡೋಣಿಗೆ ಹೋಗಿದ್ದೆವು. ಒಣದ್ರಾಕ್ಷಿ ಆರಿಸುವ ಹೆಣ್ಣಾಳುಗಳ ಕೂಲಿಯ ವಿಷಯವಾಗಿ ನಾಲ್ಕು ಜನರೊಡನೆ ಮಾತನಾಡಿ ಬರುವುದು ನಮ್ಮ ಉದ್ದೇಶವಾಗಿತ್ತು. ಮಾತು ಮುಗಿದು ನಾವು ಏಳುವ ಹೊತ್ತಿಗೆ ಒಬ್ಬ ತಾಯಿ, ‘ಅಣ್ಣಾರ, ನಮ್ಮ ಹುಡಿಗಿ ಕೂಲಿ ಲೆಕ್ಕಾ ಮಾಡೂದೊಂದು ಮೊಬೈಲ್‌ದಾಗ ಮಾಡ್ಯಾಳ್ರೀ, ಒಂದೀಟ ನೋಡಿ ಹೋಗ್ರಿ’ ಎಂದು ತಮ್ಮ ಮನೆಗೆ ಕರೆದೊಯ್ದರು. ಅಲ್ಲಿ ಕಂಡದ್ದನ್ನು ವಾಚಕರ ಮುಂದಿಡುವುದು ಅಗತ್ಯವೆಂದು ನಮಗೆ ತೋರಿದೆ. ಅದು ಒಂದು ಮನೆಯ ಸಂಗತಿಯಾಗಿ ಕಂಡರೂ ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಸಂಗತಿಯಾಗಿದೆ.

ಆ ಹುಡುಗಿ ಪದವಿ ಓದುತ್ತಿದ್ದಾಳೆ. ಅವಳ ಪಠ್ಯದಲ್ಲಿ ಜಾಲಪುಟಗಳಿಗೆ ಪ್ರೋಗ್ರಾಮ್ ಬರೆಯುವ ಒಂದು ವಿಷಯವಿದೆ. ಅದನ್ನು ಕಲಿಸುವ ಅಧ್ಯಾಪಕರು ಕಾಲೇಜಿನಲ್ಲಿ ಇಲ್ಲವಾದ್ದರಿಂದ ಆ ವಿಷಯವನ್ನು ಆನ್‌ಲೈನಿನಲ್ಲಿಯೇ ಕಲಿತು ಮುಗಿಸಬೇಕೆಂದು ಗೊತ್ತುಮಾಡಲಾಗಿದೆ. ಮನೆಗೆಲ್ಲ ಇರುವುದು ಒಂದು ಮೊಬೈಲು. ಅಣ್ಣ ಕೆಲಸದಿಂದ ಬಂದ ಮೇಲೆ, ರಾತ್ರಿ ಹತ್ತು ಗಂಟೆಗೆ ಅದು ಅವಳ ಕೈಗೆ ಸಿಕ್ಕುತ್ತದೆ. ಆಗ ಅವಳ ಕಾಲೇಜು ತೆರೆಯುತ್ತದೆ. ಅಂಗೈಯಗಲದ ಆ ಗಾಜಿನ ಮೇಲೆಯೇ ಪಾಠ ನೋಡಬೇಕು, ಅಲ್ಲಿಯೇ ಬರೆಯಬೇಕು, ಬರೆದುದು ನಡೆಯುವುದೋ ಇಲ್ಲವೋ ಎಂಬುದನ್ನೂ ಅಲ್ಲಿಯೇ ಪರೀಕ್ಷಿಸಬೇಕು.

ಅವಳು ಕಲಿಯುತ್ತಿರುವ ವಿದ್ಯೆಗೆ ‘ಕ್ಲೈಂಟ್ ಕಡೆಯ’ ಪ್ರೋಗ್ರಾಮಿಂಗ್ ಎಂದು ಹೆಸರು. ನಮ್ಮ ಮಾತಿನಲ್ಲಿ ಗಿರಾಕಿಯ ಕಡೆಯದು ಎನ್ನಬಹುದು. ಇದೇನೆಂದು ಕೇಳುವ ಓದುಗರಿಗೆ ನಮ್ಮ ಊರಿನ ರೀತಿಯಲ್ಲಿಯೇ ಹೇಳುತ್ತೇವೆ. ಹೊಟ್ಟೆ ತುಂಬಿಸಿಕೊಳ್ಳಲು ಎರಡು ದಾರಿಗಳುಂಟು. ಒಂದು, ಖಾನಾವಳಿಗೆ ಹೋಗಿ ಬಡಿದಿಟ್ಟ ರೊಟ್ಟಿಯನ್ನು ತಿಂದು ಬರುವುದು. ಇನ್ನೊಂದು, ಜೋಳದ ಹಿಟ್ಟು ತಂದು ನಮ್ಮ ಮನೆಯ ಒಲೆಯ ಮೇಲೆ, ನಮ್ಮ ಹಂಚಿನ ಮೇಲೆ ಬಡಿದುಕೊಳ್ಳುವುದು. ದೂರದ ಕಂಪ್ಯೂಟರಿನಲ್ಲಿ, ಎಂದರೆ ಸರ್ವರಿನಲ್ಲಿ, ಲೆಕ್ಕವೆಲ್ಲ ಮುಗಿದು ಉತ್ತರ ಮಾತ್ರ ನಮ್ಮ ಕೈಗೆ ಬಂದರೆ ಅದು ಖಾನಾವಳಿಯ ರೊಟ್ಟಿ. ಪುಟದ ಜೊತೆಗೆ ಪ್ರೋಗ್ರಾಮೂ ನಮ್ಮ ಮೊಬೈಲಿಗೇ ಬಂದು, ಮೊಬೈಲಿನ ಬ್ರೌಸರಿನಲ್ಲಿಯೇ ಲೆಕ್ಕ ನಡೆದರೆ ಅದು ಮನೆಯ ರೊಟ್ಟಿ. ಇದರಲ್ಲಿ ಮೂರು ಭಾಷೆಗಳ ಕೆಲಸವಿದೆ. ಎಚ್‌ಟಿಎಂಎಲ್ ಎಂಬುದು ಪುಟದ ಗೋಡೆ ಕಟ್ಟುತ್ತದೆ. ಸಿಎಸ್‌ಎಸ್ ಎಂಬುದು ಸುಣ್ಣ ಬಣ್ಣ ಬಳಿಯುತ್ತದೆ. ಜಾವಾಸ್ಕ್ರಿಪ್ಟ್ ಎಂಬುದು ಪುಟದಿಂದ ಕೆಲಸ ಮಾಡಿಸುತ್ತದೆ.

ಈ ಎರಡನೆಯ ದಾರಿಯಲ್ಲಿ ಬಡವನಿಗೆ ಅನುಕೂಲಗಳಿವೆ. ಪುಟ ಒಮ್ಮೆ ಬಂದು ತೆರೆದರೆ, ಮುಂದಿನ ಲೆಕ್ಕಕ್ಕೆ ನೆಟ್‌ವರ್ಕಿನ ಹಂಗಿಲ್ಲ. ತಾಯಿಯ ಕೂಲಿಯ ಅಂಕಿಗಳು ಮೊಬೈಲಿನಲ್ಲಿಯೇ ಉಳಿಯುತ್ತವೆ. ಬರೆದವರು ಬೇಕೆಂದೇ ಹೊರಗೆ ಕಳಿಸದ ಹೊರತು ಯಾವ ಧಣಿಯ ಕಂಪ್ಯೂಟರಿಗೂ ಹೋಗುವುದಿಲ್ಲ. ಅನಾನುಕೂಲಗಳೂ ಇವೆ. ಗಿರಾಕಿಯ ಕೈಯಲ್ಲಿರುವ ಪ್ರೋಗ್ರಾಮನ್ನು ಗಿರಾಕಿಯೇ ತಿದ್ದಬಲ್ಲನಾದ್ದರಿಂದ ಬ್ಯಾಂಕಿನ ಹಣ, ಪರೀಕ್ಷೆಯ ಅಂಕಗಳಂಥವನ್ನು ಸರ್ವರಿನಲ್ಲಿಯೇ ತಪಾಸಣೆ ಮಾಡಬೇಕು. ಪಟ್ಟಣದ ದೊಡ್ಡ ಕಂಪನಿಗಳು ಭಾರವಾದ ಪ್ರೋಗ್ರಾಮುಗಳನ್ನು ಹೀಗೆ ಕಳಿಸಿದಾಗ, ಕೆಲಸದ ಹೊರೆ ಅವರ ಯಂತ್ರದಿಂದ ಇಳಿದು ಬಡವನ ಹಳೆಯ ಮೊಬೈಲಿನ ಮೇಲೂ ಅವನು ಹಣ ಕೊಟ್ಟು ಹಾಕಿಸಿಕೊಂಡ ಡೇಟಾದ ಮೇಲೂ ಬೀಳುತ್ತದೆ. ಯಾರ ಒಲೆ, ಯಾರ ಉರುವಲು ಎಂಬ ಪ್ರಶ್ನೆ ಇಲ್ಲಿಯೂ ಇದೆ. ಈ ವಿದ್ಯೆಯನ್ನು ಬಲ್ಲವರಿಗೆ ಮಾತ್ರ ಆ ಪ್ರಶ್ನೆಯನ್ನು ಕೇಳಲು ಬಂದೀತು.

ಈಗ ಆ ಹುಡುಗಿಯ ಪುಟಕ್ಕೆ ಬರೋಣ. ತಾಯಿ ಆರಿಸಿದ ದ್ರಾಕ್ಷಿಯ ತೂಕವನ್ನು ದಿನದಿನವೂ ತುಂಬಿದರೆ, ಒಟ್ಟು ತೂಕವನ್ನು ದರದಿಂದ ಗುಣಿಸಿ, ಪಡೆದ ಮುಂಗಡವನ್ನು ಕಳೆದು, ಕೈಗೆ ಬರತಕ್ಕ ಕೂಲಿಯನ್ನು ತೋರಿಸುವ ಪುಟವದು. ಮೊದಲ ಸಲ ಅವಳು ಒಂದು ದಿನಕ್ಕೆ ೪೦ ಕಿಲೊ, ಮರುದಿನಕ್ಕೆ ೩೫ ಕಿಲೊ ಎಂದು ತುಂಬಿದಳು. ೭೫ ಬರಬೇಕಾದಲ್ಲಿ ೪೦೩೫ ಬಂದಿತು! ಲೆಕ್ಕಕ್ಕಾಗಿ ಕಿಲೊಗೆ ೫ ರೂಪಾಯಿ ಎಂದು ಹಿಡಿದರೆ ೩೭೫ ರೂಪಾಯಿಯ ಬದಲು ೨೦,೧೭೫ ರೂಪಾಯಿಯ ಕೂಲಿಯಾಯಿತು. ‘ಎಡ್ಡ ದಿನದಾಗ ನನ್ನ ಸಾವ್ಕಾರ್ತಿ ಮಾಡಿತ್ರೀ ಇದು’ ಎಂದು ತಾಯಿ ನಕ್ಕರು. ಮಗಳು ನಗಲಿಲ್ಲ. ‘ಮೂರ ದಿನಾ ಹುಡಿಕೀನ್ರೀ ಕಾಕಾ. ತಪ್ಪ ಎಲ್ಲೈತಿ ಅನ್ನೂದs ತಿಳೀಲಿಲ್ಲ. ಕೇಳಾಕ ಯಾರೂ ಇಲ್ಲ’ ಎಂದಳು.

ತಪ್ಪು ಬಹಳ ಸಣ್ಣದು. ಪುಟದ ಪೆಟ್ಟಿಗೆಯಲ್ಲಿ ನಾವು ತುಂಬಿದ್ದನ್ನು ಜಾವಾಸ್ಕ್ರಿಪ್ಟ್ ಅಂಕಿಯೆಂದು ತಿಳಿಯದೆ ಅಕ್ಷರವೆಂದು ತಿಳಿಯುತ್ತದೆ. ಎರಡು ಅಕ್ಷರಗಳನ್ನು ಕೂಡಿಸೆಂದರೆ ಒಂದರ ಪಕ್ಕಕ್ಕೆ ಇನ್ನೊಂದನ್ನು ಜೋಡಿಸುತ್ತದೆ. ‘ಇದನ್ನು ಅಂಕಿಯಾಗಿ ತಿಳಿ’ ಎಂದು ಒಂದು ಪದದಲ್ಲಿ ಹೇಳಿಬಿಟ್ಟರೆ ಲೆಕ್ಕ ಸರಿಯಾಗುತ್ತದೆ. ಪಕ್ಕದಲ್ಲಿ ಕುಳಿತ ಅಧ್ಯಾಪಕನೊಬ್ಬನು ಅರ್ಧ ನಿಮಿಷದಲ್ಲಿ ತೋರಿಸಬಹುದಾದ ಮಾತಿಗೆ ಅವಳ ಮೂರು ರಾತ್ರಿಗಳು ಹೋದವು. ಅವಳು ಪ್ರಶ್ನೆಯನ್ನು ಬರೆದು ಕಳಿಸಿದ್ದಳು. ಉತ್ತರ ಬರುವ ಹೊತ್ತಿಗೆ ತಾನೇ ಕಂಡುಕೊಂಡಿದ್ದಳು. ಅವಳ ಛಲವನ್ನು ನಾವು ಮೆಚ್ಚುತ್ತೇವೆ. ಆದರೆ ಛಲವಿಲ್ಲದ, ಇದ್ದರೂ ರಾತ್ರಿ ಹತ್ತಕ್ಕೆ ಮೊಬೈಲು ಸಿಗದ ಮಕ್ಕಳೆಷ್ಟು? ಮೂರನೆಯ ರಾತ್ರಿ ‘ಇದು ನಮಗಲ್ಲ’ ಎಂದು ಪುಸ್ತಕ ಮುಚ್ಚಿದವರೆಷ್ಟು? ಅವರ ಎಣಿಕೆಯನ್ನು ಯಾವ ಇಲಾಖೆಯೂ ಇಡುವುದಿಲ್ಲ.

ಎರಡನೆಯ ಸಂಗತಿ ಇನ್ನೂ ಮನಸ್ಸಿಗೆ ನಾಟುವಂಥದು. ಆ ತಾಯಿ ಅಕ್ಷರ ಕಲಿತದ್ದು ರಾತ್ರಿಶಾಲೆಯಲ್ಲಿ. ಅವರು ಬಲ್ಲುದು ಕನ್ನಡದ ಅಂಕಿಗಳನ್ನು. ಪುಟದಲ್ಲಿ ಅವರು ತಮ್ಮ ಕೈಯಿಂದಲೇ ಕನ್ನಡದಲ್ಲಿ ೪೦ ಎಂದು ತುಂಬಿದಾಗ ಉತ್ತರದ ಜಾಗದಲ್ಲಿ ‘ನ್ಯಾನ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಬಂದವು. ‘ಇದು ಸಂಖ್ಯೆಯಲ್ಲ’ ಎಂಬುದು ಅದರ ಅರ್ಥ. ‘ನಾ ಬರದ ಅಂಕಿ ಅಂಕೀನs ಅಲ್ಲಂತ, ಹೌದೇನ್ರೀ ಅಣ್ಣಾರ?’ ಎಂದು ಅವರು ಕೇಳಿದರು. ಈ ಪತ್ರಿಕೆ ತನ್ನ ಅಂಕಿಗಳನ್ನೆಲ್ಲ ಕನ್ನಡದಲ್ಲಿಯೇ ಅಚ್ಚುಹಾಕುತ್ತದೆ. ಅದರ ಸಂಪಾದಕರಾದ ನಮಗೆ ಆ ಪ್ರಶ್ನೆಗೆ ಅಲ್ಲಿ ಉತ್ತರ ಹೊಳೆಯಲಿಲ್ಲ.

ಉತ್ತರ ಇಲ್ಲದಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸ್ಥಾನ ಗೊತ್ತುಮಾಡುವ ಯೂನಿಕೋಡ್ ಎಂಬ ಏರ್ಪಾಟಿನಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಸೊನ್ನೆಯಿಂದ ಒಂಬತ್ತರವರೆಗಿನ ನಮ್ಮ ಅಂಕಿಗಳು ಅಲ್ಲಿ ಸಾಲಾಗಿ ಕುಳಿತಿವೆ. ಅವನ್ನು ಯಂತ್ರಕ್ಕೆ ತಿಳಿಯುವ ಅಂಕಿಗಳಾಗಿ ಮಾರ್ಪಡಿಸಲು ನಾಲ್ಕೈದು ಸಾಲುಗಳ ಪ್ರೋಗ್ರಾಮ್ ಸಾಕು. ಆದರೆ ಆ ನಾಲ್ಕೈದು ಸಾಲುಗಳನ್ನು ಬರೆಯಬೇಕಾದವರು ಯಾರು? ಕ್ಯಾಲಿಫೋರ್ನಿಯದಲ್ಲಿ ಕುಳಿತ ಎಂಜಿನಿಯರನಿಗೆ ನಿಡೋಣಿಯ ತಾಯಿಯೊಬ್ಬಳು ೪೦ನ್ನು ಹೇಗೆ ಬರೆಯುತ್ತಾಳೆಂಬುದು ಗೊತ್ತಿರುವುದಿಲ್ಲ. ಗೊತ್ತಿಲ್ಲವೆಂದು ಅವನನ್ನು ಬೈದು ಫಲವಿಲ್ಲ. ಅವಳ ಮಗಳಿಗೆ ಗೊತ್ತಿದೆ. ಈ ವಿದ್ಯೆ ಮಗಳ ಕೈಗೆ ಬಾರದಿದ್ದರೆ ತಾಯಿಯ ಅಂಕಿ ಅಂಕಿಯಾಗುವುದೇ ಇಲ್ಲ. ನಾವು ಈ ಲೇಖನವನ್ನು ಬರೆಯುತ್ತಿರುವುದು ಇದೊಂದೇ ಮಾತಿಗಾಗಿ.

ಈ ಉಪಕರಣವು ಯಾರ ಸ್ವತ್ತೂ ಅಲ್ಲವೆಂಬುದನ್ನು ಮೊದಲು ತಿಳಿಯಬೇಕು. ಜಾಲವನ್ನು ಟಿಮ್ ಬರ್ನರ್ಸ್ ಲೀ ಎಂಬವರು ೧೯೮೯ರಲ್ಲಿ ಯೋಜಿಸಿದ್ದು ಜಿನೀವಾದ ಸೆರ್ನ್ ಎಂಬ ಸಂಶೋಧನಾಲಯದಲ್ಲಿ. ಅದು ಯುರೋಪಿನ ಸರಕಾರಗಳು ಸಾರ್ವಜನಿಕರ ಹಣದಿಂದ ನಡೆಸುವ ಸಂಸ್ಥೆ. ೧೯೯೩ರ ಏಪ್ರಿಲ್ ೩೦ರಂದು ಆ ಸಂಸ್ಥೆ ಜಾಲದ ಮೂಲ ತಂತ್ರಾಂಶವನ್ನು ಯಾವ ರಾಯಧನವನ್ನೂ ಕೇಳದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಜಾವಾಸ್ಕ್ರಿಪ್ಟನ್ನು ಬ್ರೆಂಡನ್ ಐಕ್ ಎಂಬವರು ೧೯೯೫ರಲ್ಲಿ ನೆಟ್‌ಸ್ಕೇಪ್ ಕಂಪನಿಗಾಗಿ ಹತ್ತು ದಿನಗಳಲ್ಲಿ ಕಟ್ಟಿದರು. ೧೯೯೭ರಲ್ಲಿ ಅದು ಎಲ್ಲರಿಗೂ ತೆರೆದ ಮಾನಕವಾಯಿತು. ಅದನ್ನು ನಡೆಸುವ ಬ್ರೌಸರು ಪ್ರತಿ ಸ್ಮಾರ್ಟ್ ಮೊಬೈಲಿನಲ್ಲಿಯೂ ಬಿಟ್ಟಿಯಾಗಿ ಇರುತ್ತದೆ. ಗಿರಣಿಯ ಯಂತ್ರಗಳಿಗೆ ಒಡೆಯರಿದ್ದರು, ಹೊಲಗಳಿಗೆ ಒಡೆಯರಿದ್ದರು. ಈ ಕೈಕಸುಬಿನ ಉಪಕರಣವೋ ಕೂಲಿಯವನ ಕಿಸೆಯಲ್ಲಿಯೇ ಬಂದು ಕುಳಿತಿದೆ. ಒಲೆ ನಮ್ಮದು, ಹಂಚೂ ನಮ್ಮದು. ಆದರೆ ಒಲೆಯಿದ್ದ ಮಾತ್ರಕ್ಕೆ ರೊಟ್ಟಿ ಬಡಿಯಲು ಬರುವುದೆ? ತಾಯಿಯ ಪಕ್ಕದಲ್ಲಿ ಕುಳಿತು, ನಾಲ್ಕು ರೊಟ್ಟಿ ಹರಿದು, ಎರಡು ಕರಕಾಗಿಸಿ, ಬೈಸಿಕೊಂಡು ಕಲಿತ ಕೈಗೆ ಮಾತ್ರ ಅದು ಬರುತ್ತದೆ.

ನಮ್ಮ ಜಿಲ್ಲೆಗೆ ಇದು ಹೊಸ ಪಾಠವಲ್ಲ. ಫ. ಗು. ಹಳಕಟ್ಟಿಯವರು ವಚನಗಳನ್ನು ಜನರ ಕೈಗೆ ಮುಟ್ಟಿಸಲು ಹೊರಟಾಗ, ಅಚ್ಚಿನ ಉಪಕರಣ ನಮ್ಮದಾಗದೆ ಕೆಲಸ ಸಾಗದೆಂದು ಕಂಡು, ೧೯೨೫ರಲ್ಲಿ ಸ್ವಂತ ಮನೆಯನ್ನು ಮಾರಿ ಇದೇ ಊರಿನಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ, ಅದರ ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ ಹೊರಬಂದವು. ಆ ಕಾಲದ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುವ ಹುಡುಗರು ಹಿರಿಯನ ಪಕ್ಕದಲ್ಲಿ ನಿಂತು ಕಲಿತರು. ತಲೆಕೆಳಗಾದ ಅಕ್ಷರವನ್ನು ಹಿರಿಯನು ಕಣ್ಣಳತೆಯಲ್ಲಿಯೇ ಕಂಡು ಎತ್ತಿ ತೋರಿಸುತ್ತಿದ್ದನು. ಉಪಕರಣ, ಕುಳಿತುಕೊಳ್ಳುವ ಜಾಗ, ಪಕ್ಕದಲ್ಲಿ ಒಬ್ಬ ಬಲ್ಲವನು, ತಿಳಿಯುವ ಭಾಷೆ, ಈ ನಾಲ್ಕು ಕೂಡಿದರೆ ಕಸುಬು. ಆನ್‌ಲೈನ್ ಕಾಲೇಜು ಇವುಗಳಲ್ಲಿ ಮೊದಲನೆಯದು ಹೇಗೂ ನಿಮ್ಮ ಕೈಯಲ್ಲಿದೆಯೆಂದು ಹೇಳಿ ಉಳಿದ ಮೂರನ್ನು ಕಿತ್ತುಕೊಂಡಿದೆ.

ನಾವು ದೂರದ ಶಿಕ್ಷಣದ ವಿರೋಧಿಗಳಲ್ಲ. ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿ, ನೌಕರಿಯಲ್ಲಿದ್ದವರಿಗೂ ಗೃಹಿಣಿಯರಿಗೂ ಪದವಿಯ ಬಾಗಿಲನ್ನು ತೆರೆಯಿತು; ೧೯೯೬ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ೨೦೦೩ರಲ್ಲಿ ಆರಂಭಿಸಿದ ಎನ್‌ಪಿಟೆಲ್ ಪಾಠಗಳನ್ನೂ, ಕೇಂದ್ರ ಸರಕಾರವು ೨೦೧೭ರಲ್ಲಿ ಆರಂಭಿಸಿದ ಸ್ವಯಂ ಪಾಠಗಳನ್ನೂ ಹಳ್ಳಿಯ ಹುಡುಗನೂ ಬಿಟ್ಟಿಯಾಗಿ ನೋಡಬಹುದು. ಇದು ಒಳ್ಳೆಯ ಕೆಲಸ, ಒಳ್ಳೆಯದೆಂದೇ ಹೇಳುತ್ತೇವೆ. ಆದರೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೨೧ರ ನಿಯಮದಲ್ಲಿ, ಒಂದು ಸೆಮಿಸ್ಟರಿನ ವಿಷಯಗಳಲ್ಲಿ ನೂರಕ್ಕೆ ೪೦ರಷ್ಟನ್ನು ಸ್ವಯಂ ಮೂಲಕ ಕಲಿಯಲು ಅವಕಾಶ ಮಾಡಿತು. ವಿದ್ಯಾರ್ಥಿಗೆ ಆಯ್ಕೆಯಾಗಿ ಕೊಟ್ಟ ಈ ಅವಕಾಶವು, ಅಧ್ಯಾಪಕರನ್ನು ನೇಮಿಸದ ಸರಕಾರಕ್ಕೂ ಆಡಳಿತ ಮಂಡಳಿಗಳಿಗೂ ನೆಪವಾಗಬಾರದು. ಕರ್ನಾಟಕದ ಸರಕಾರಿ ಪದವಿ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಬೆನ್ನಿನ ಮೇಲೆ ನಡೆಯುತ್ತಿವೆ. ಆ ಉಪನ್ಯಾಸಕರು ೨೦೨೧ರ ಡಿಸೆಂಬರಿನಲ್ಲಿಯೂ ೨೦೨೩ರ ಕೊನೆಯಲ್ಲಿಯೂ ತರಗತಿಗಳನ್ನು ಬಿಟ್ಟು ಬೀದಿಗೆ ಬಂದು, ಸೇವೆಯ ಭದ್ರತೆಯನ್ನು ಕೇಳಿದರು. ‘ಅತಿಥಿ’ ಎಂದು ಕರೆದು ವರುಷಗಟ್ಟಲೆ ದುಡಿಸಿಕೊಳ್ಳುವುದು ಯಾವ ಊರಿನ ಸತ್ಕಾರ? ಖಾಲಿ ಕುರ್ಚಿಯ ಮೇಲೆ ಒಂದು ವಿಡಿಯೋವನ್ನು ಕೂಡ್ರಿಸಿದರೆ ಅದು ಅಧ್ಯಾಪಕನಾದೀತೆ? ವಿಡಿಯೋ ತನಗೆ ತಿಳಿದುದನ್ನು ಹೇಳುತ್ತದೆ. ಹುಡುಗಿ ಎಡವಿದ ಸಾಲು ಯಾವುದೆಂದು ನೋಡುವ ಕಣ್ಣು ಅದಕ್ಕಿಲ್ಲ.

ಭಾಷೆಯ ತೊಡಕನ್ನೂ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಈ ವಿದ್ಯೆಯಲ್ಲಿ ಎದುರಾಗುವ ಮೊದಲ ಕಲ್ಲು ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳದು. ಕನ್ನಡ ಲಿಪಿಯಲ್ಲಿ ಆ ಭೇದವೇ ಇಲ್ಲ. ಜಾವಾಸ್ಕ್ರಿಪ್ಟಿಗೋ ಅದು ಪ್ರಾಣ. ‘ಗೆಟ್ ಎಲಿಮೆಂಟ್ ಬೈ ಐಡಿ’ ಎಂಬ ಒಂದೇ ಆಜ್ಞೆಯನ್ನು ಬಿಡುವಿಲ್ಲದೆ ಬರೆಯುವಾಗ ‘ಇ’, ‘ಬಿ’, ‘ಐ’ ಈ ಮೂರನ್ನು ದೊಡ್ಡದಾಗಿ ಬರೆಯಬೇಕು. ಕೊನೆಯ ‘ಡಿ’ ಸಣ್ಣದೇ ಇರಬೇಕು. ಒಂದು ತಪ್ಪಿದರೂ ಪುಟ ಸುಮ್ಮನೆ ನಿಂತುಬಿಡುತ್ತದೆ. ಏಕೆ ನಿಂತಿತೆಂಬುದನ್ನು ಬ್ರೌಸರು ಇಂಗ್ಲಿಷಿನಲ್ಲಿ ಬರೆದಿಡುತ್ತದೆ. ಅದೂ ಮೇಜಿನ ಕಂಪ್ಯೂಟರಿನಲ್ಲಾದರೆ ಒಂದು ಗುಂಡಿ ಒತ್ತಿ ನೋಡಬಹುದು, ಮೊಬೈಲಿನಲ್ಲಿ ಅದು ಸುಲಭವಾಗಿ ಕಾಣದು. ಈ ವಿದ್ಯೆಯ ಅತ್ಯಂತ ನಂಬುಗೆಯ ಕೈಪಿಡಿ ಎನಿಸಿದ ಮೊಜಿಲ್ಲಾದ ಎಂಡಿಎನ್ ಬಿಟ್ಟಿಯಾಗಿದೆ. ಜಪಾನೀ, ಕೊರಿಯನ್, ಫ್ರೆಂಚ್, ಸ್ಪ್ಯಾನಿಷ್, ರಷ್ಯನ್ ಭಾಷೆಗಳಲ್ಲಿ ದೊರೆಯುತ್ತದೆ. ೨೦೧೧ರ ಜನಗಣತಿಯಂತೆ ೪ ಕೋಟಿ ೩೭ ಲಕ್ಷ ಜನರ ತಾಯ್ನುಡಿಯಾದ ಕನ್ನಡದಲ್ಲಿ ಇಲ್ಲ. ಯಂತ್ರವೇನೂ ಕನ್ನಡದ ವೈರಿಯಲ್ಲ. ಜಾವಾಸ್ಕ್ರಿಪ್ಟಿನಲ್ಲಿ ‘ತೂಕ’, ‘ದರ’, ‘ಕೂಲಿ’ ಎಂದು ಕನ್ನಡ ಅಕ್ಷರಗಳಲ್ಲಿಯೇ ಹೆಸರಿಟ್ಟು ಲೆಕ್ಕ ಬರೆಯಬಹುದು. ಯಂತ್ರ ತಕರಾರಿಲ್ಲದೆ ಒಪ್ಪುತ್ತದೆ. ಹಾಗೆ ಬರೆಯಬಹುದೆಂದು ಆ ಹುಡುಗಿಗೆ ಯಾವ ಪಾಠವೂ ಹೇಳಿರಲಿಲ್ಲ.

ಸರಕಾರ ಏನನ್ನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ೨೦೨೧ರಲ್ಲಿ ಸರಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬುಗಳನ್ನು ಹಂಚಲಾಯಿತು. ೨೦೨೩ರ ಜೂನ್ ೧೧ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿನ ಖರ್ಚಿಲ್ಲ. ನಿಡೋಣಿಯ ಹುಡುಗಿ ವಿಜಯಪುರಕ್ಕೆ ಬರಲು ತಂದೆಯ ಕಿಸೆಯನ್ನು ನೋಡಬೇಕಾಗಿಲ್ಲ. ಗ್ರಾಮ ಪಂಚಾಯತಿಗಳಿಗೆ ಭಾರತ್‌ನೆಟ್ ಯೋಜನೆಯ ತಂತಿ ಎಳೆಯಲಾಗಿದೆ. ಪಂಚಾಯತಿ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರು ಬಂದಿದೆ. ಬಸ್ಸು ಬಂದಿತು, ತಂತಿ ಬಂದಿತು, ಫಲಕವೂ ಬಂದಿತು. ಕೀಲಿಮಣೆಯ ಮುಂದೆ ಹುಡುಗಿಯನ್ನು ಕೂಡ್ರಿಸಿ ‘ಈ ಸಾಲು ನೋಡು ತಂಗಿ’ ಎನ್ನುವ ಒಬ್ಬ ಮನುಷ್ಯನು ಮಾತ್ರ ಬರಲಿಲ್ಲ. ನೆರೆಯ ಕೇರಳವು ೨೦೦೧ರಲ್ಲಿಯೇ ಶಾಲೆಗಳಲ್ಲಿ ಗಣಕ ಶಿಕ್ಷಣದ ಯೋಜನೆಯನ್ನು ಕೈಕೊಂಡಿತು. ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಅಲ್ಲಿಯ ಹೈಕೋರ್ಟು ೨೦೧೯ರಲ್ಲಿ, ಒಬ್ಬ ಕಾಲೇಜು ವಿದ್ಯಾರ್ಥಿನಿಯ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ೨೦೨೩ರಲ್ಲಿ ಬಡ ಕುಟುಂಬಗಳಿಗೆ ಬಿಟ್ಟಿ ಸಂಪರ್ಕ ಕೊಡುವ ಉದ್ದೇಶದಿಂದ ಸರಕಾರದ್ದೇ ಜಾಲವನ್ನು ಉದ್ಘಾಟಿಸಲಾಯಿತು. ನೆರೆಮನೆಯವರು ಮಾಡಿದ್ದನ್ನು ನಾವು ಮಾಡಲಾರೆವೆ?

ಎರಡು ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕಾಗಿದೆ. ‘ಈಗ ಯಂತ್ರವೇ ಪ್ರೋಗ್ರಾಮ್ ಬರೆದುಕೊಡುತ್ತದೆ, ಮಕ್ಕಳು ಕಲಿತು ಮಾಡುವುದೇನು?’ ಎಂದು ಕೆಲವರು ಕೇಳುತ್ತಾರೆ. ಕೃತಕ ಬುದ್ಧಿಯ ಯಂತ್ರಗಳು ಬರೆಯುತ್ತವೆ, ನಿಜ, ತಪ್ಪಾಗಿಯೂ ಬರೆಯುತ್ತವೆ. ೭೫ರ ಜಾಗದಲ್ಲಿ ೪೦೩೫ ಬಂದಾಗ ಅದು ತಪ್ಪೆಂದು ತಿಳಿಯಲು ಕೂಲಿಯ ಲೆಕ್ಕ ಬಲ್ಲ ಕಣ್ಣು ಬೇಕು. ಎಲ್ಲಿ ತಪ್ಪಿತೆಂದು ಹಿಡಿಯಲು ವಿದ್ಯೆ ಬೇಕು. ಧಣಿಯ ಗುಮಾಸ್ತ ಬರೆದ ಲೆಕ್ಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ ಕಾಲ ಹೋಗಲೆಂದು ನಮ್ಮ ಹಿರಿಯರು ರಾತ್ರಿಶಾಲೆ ತೆರೆದರು. ಇನ್ನು ಯಂತ್ರದ ಲೆಕ್ಕಕ್ಕೆ ಹೆಬ್ಬೆಟ್ಟು ಒತ್ತೋಣವೇ? ‘ಇಷ್ಟು ಕಲಿತರೆ ಬೆಂಗಳೂರಿನಲ್ಲಿ ನೌಕರಿ ಖಂಡಿತವೇ?’ ಎಂಬುದು ತಂದೆತಾಯಿಗಳ ಪ್ರಶ್ನೆ. ಖಂಡಿತವಿಲ್ಲ. ಖಂಡಿತವೆಂದು ಹೇಳಿ ಸಾಲ ಮಾಡಿಸಿ ಪ್ರಮಾಣಪತ್ರ ಮಾರುವವರನ್ನು ನಂಬಬೇಡಿರೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಆದರೆ ದುಡಿಮೆಗಾಗಿ ಗೋವೆಗೂ ಮಹಾರಾಷ್ಟ್ರಕ್ಕೂ ಗುಳೆ ಹೋಗುವ ಈ ಜಿಲ್ಲೆಯಲ್ಲಿ, ಊರಿನಲ್ಲಿ ಕುಳಿತೇ ಕೈಗೂಡಬಹುದಾದ ಕಸುಬುಗಳು ಬಹಳವಿಲ್ಲ. ಇದು ಅಂಥದೊಂದು.

ಆದುದರಿಂದ ನಾವು ಕೇಳುವುದಿಷ್ಟು. ಪ್ರತಿ ಪಂಚಾಯತಿಯ ಅರಿವು ಕೇಂದ್ರದಲ್ಲಿ ಕೀಲಿಮಣೆಯುಳ್ಳ ನಾಲ್ಕಾದರೂ ಕಂಪ್ಯೂಟರುಗಳಿರಬೇಕು. ಕೂಲಿಗೆ ಹೋಗುವವರೂ ಬರುವಂತೆ ರಾತ್ರಿ ಒಂಬತ್ತರವರೆಗೆ ಅದು ತೆರೆದಿರಬೇಕು. ಹೋಬಳಿಗೊಬ್ಬರಂತೆ, ನಮ್ಮ ಊರುಗಳಲ್ಲಿಯೇ ಓದಿ ನಿರುದ್ಯೋಗಿಗಳಾಗಿರುವ ಪದವೀಧರರನ್ನು ಖಾಯಂ ಸಂಬಳದ ಮೇಲೆ ಕಲಿಸಲು ನೇಮಿಸಬೇಕು. ಕನ್ನಡದಲ್ಲಿ ಪಠ್ಯಪುಸ್ತಕ ಬರೆಯಿಸಿ, ಕನ್ನಡದಲ್ಲಿ ಪರೀಕ್ಷೆ ಬರೆಯಲು ವಿಶ್ವವಿದ್ಯಾನಿಲಯಗಳು ಅನುಮತಿ ಕೊಡಬೇಕು. ಆನ್‌ಲೈನ್ ಪಾಠವನ್ನು ಯಾವ ಕಾಲೇಜು ಒಪ್ಪಿಸುತ್ತದೆಯೋ ಆ ಕಾಲೇಜು, ವಾರಕ್ಕೆ ಒಂದು ದಿನವಾದರೂ ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತುಕೊಳ್ಳುವ ಅಧ್ಯಾಪಕನನ್ನು ಕೊಡಲೇಬೇಕು. ಖಾಲಿ ಹುದ್ದೆಗಳನ್ನು ತುಂಬಬೇಕು. ಶಾಸಕರೂ ಜಿಲ್ಲಾಧಿಕಾರಿಗಳೂ ಈ ಬೇಡಿಕೆಗಳಿಗೆ ಉತ್ತರ ಹೇಳಬೇಕೆಂದು ನಾವು ಬಹಿರಂಗವಾಗಿ ಕೇಳುತ್ತಿದ್ದೇವೆ. ಬಂದ ಉತ್ತರವನ್ನು ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ. ಬಾರದಿದ್ದರೆ ಬರಲಿಲ್ಲವೆಂಬುದನ್ನೂ ಅಚ್ಚುಹಾಕುತ್ತೇವೆ.

ಬೇರೆಯವರಿಗೆ ಹೇಳಿ ನಾವು ಸುಮ್ಮನಿರುವುದು ನ್ಯಾಯವಲ್ಲ. ನಮ್ಮ ಕಚೇರಿಯಲ್ಲಿ ಪತ್ರಿಕೆ ಜೋಡಿಸಲು ಬಳಸುವ ಎರಡು ಕಂಪ್ಯೂಟರುಗಳಿವೆ. ರವಿವಾರ ಅವು ಸುಮ್ಮನೆ ಕುಳಿತಿರುತ್ತವೆ. ಬರುವ ರವಿವಾರದಿಂದ ಬೆಳಗಿನ ಹತ್ತರಿಂದ ಸಂಜೆಯವರೆಗೆ, ಈ ವಿದ್ಯೆ ಕಲಿಯಬೇಕೆಂಬ ಯಾರೇ ಬಂದರೂ ಅವರಿಗೆ ಅವನ್ನು ಬಿಟ್ಟುಕೊಡುತ್ತೇವೆ. ಕಲಿಸಬಲ್ಲ ಸ್ನೇಹಿತರು ತಿಂಗಳಿಗೊಂದು ದಿನವನ್ನಾದರೂ ಕೊಡಬೇಕು. ನಿಡೋಣಿಯ ಆ ಹುಡುಗಿ ಮೊದಲ ರವಿವಾರವೇ ಬರುತ್ತೇನೆಂದಿದ್ದಾಳೆ. ಕೂಲಿಯ ಪುಟದಲ್ಲಿ ಕನ್ನಡದ ಅಂಕಿಗಳನ್ನು ಅಂಕಿಗಳೆಂದು ಒಪ್ಪಿಸುವ ಆ ನಾಲ್ಕೈದು ಸಾಲುಗಳನ್ನು ಅಂದು ಬರೆಯುವುದೆಂದು ಗೊತ್ತಾಗಿದೆ. ಅದು ಮುಗಿದ ಮೇಲೆ ತಾಯಿಯಿಂದಲೇ ಲೆಕ್ಕ ತುಂಬಿಸಿ ನೋಡುವುದೆಂದೂ ಗೊತ್ತಾಗಿದೆ.